ದೋಣಿಯ ಕಿವಿಗೆ ಗಾಳಿ ಸೋಕಿದಾಗ

ಕಟ್ಟೆಗೆ ಕಟ್ಟಿಹಾಕಿದ್ದಾಗ ನೀರಿನ ಆಳ ಹೇಳುವ ಉಪಕರಣದ ಪರದೆಯ ಮೇಲೆ 2.1 ಮೀಟರ್ ಎಂದು ಸ್ಪಷ್ಟವಾಗಿ ತೋರಿಸುತ್ತಿತ್ತು. ನಿಧಾನವಾಗಿ ಹೊರಟಾಗಲೂ ಸರಿಯಾಗಿಯೇ ಇತ್ತು. ಎಂಜಿನ್‌ಗೆ ವೇಗ ಕೊಟ್ಟು, ದೋಣಿ ಮೂತಿಯೆತ್ತಿ ನೀರಿನ ಮೇಲೆ ಜಾರತೊಡಗಿದ್ದೇ ತಡ, ಅಂಕಿ ತಡವರಿಸಿತು. 0.9 ಎಂದಿತು, ಮರುಕ್ಷಣ 38 ಎಂದಿತು, ಕೊನೆಗೆ ಎರಡು ಅಡ್ಡಗೆರೆ ಎಳೆದು ಸುಮ್ಮನಾಯಿತು. ವೇಗ ತಗ್ಗಿಸಿದರೆ ಮತ್ತೆ ಏನೂ ಆಗಿಲ್ಲವೆಂಬಂತೆ ಸರಿಯಾದ ಲೆಕ್ಕ. ಊರಿನಲ್ಲಿ ಹೀಗೆ ಇದ್ದಕ್ಕಿದ್ದಂತೆ ಬಡಬಡಿಸಿ ಸುಮ್ಮನಾಗುವವರನ್ನು ಕಂಡರೆ ಹಿರಿಯರು ‘ಗಾಳಿ ಸೋಕಿದೆ’ ಎನ್ನುತ್ತಿದ್ದರು. ನನ್ನ ಹದಿನೆಂಟು ಅಡಿಯ ಫೈಬರ್ ದೋಣಿಯ ಮಟ್ಟಿಗೆ ಆ ಮಾತು ಅಕ್ಷರಶಃ ನಿಜವಾಗಿತ್ತು.

ದೋಣಿ ಇರುವುದು ಅಮೆರಿಕದ ಪೂರ್ವ ಕರಾವಳಿಯ ಚೆಸಪೀಕ್ ಕೊಲ್ಲಿಯಲ್ಲಿ. ಹಿಮಯುಗ ಮುಗಿದು ಸಮುದ್ರ ಉಕ್ಕಿದಾಗ ಸಸ್ಕ್ವೆಹಾನಾ ನದಿಯ ಕಣಿವೆ ಮುಳುಗಿ ಆದ ಕೊಲ್ಲಿ ಇದು. ಉದ್ದ ಸುಮಾರು 320 ಕಿಲೋಮೀಟರ್, ಸರಾಸರಿ ಆಳ ಮಾತ್ರ ಆರೂವರೆ ಮೀಟರಿನ ಆಸುಪಾಸು. ಹಳೆಯ ನದಿಪಾತ್ರ ಇರುವಲ್ಲಿ ಐವತ್ತು ಮೀಟರ್ ದಾಟುವ ಹೊಂಡವಿದೆ. ಆದರೆ ಕೊಲ್ಲಿಯ ಕಾಲು ಭಾಗದಷ್ಟು ನೀರು ಎರಡು ಮೀಟರೂ ಆಳವಿಲ್ಲ, ಎತ್ತರದ ಮನುಷ್ಯ ನಡೆದೇ ಹೋಗಬಹುದು. ಮೇಲಿನಿಂದ ನೋಡಿದರೆ ಎರಡೂ ಒಂದೇ ಬಣ್ಣ. ಇಂಥ ನೀರಿನಲ್ಲಿ ಆಳ ಹೇಳುವ ಉಪಕರಣ ಶೋಕಿಯ ವಸ್ತುವಲ್ಲ.

ಅಂಗಡಿಯಲ್ಲಿ ಎಲ್ಲರೂ ನೋಡುವುದು ಪರದೆಯನ್ನು: ಎಷ್ಟು ಇಂಚು, ಬಿಸಿಲಿನಲ್ಲಿ ಕಾಣುತ್ತದೆಯೇ, ನಕ್ಷೆ ಇದೆಯೇ ಎಂದು. ಪೆಟ್ಟಿಗೆಯ ಮೂಲೆಯಲ್ಲಿ ತಂತಿ ಸುತ್ತಿಕೊಂಡು ಕುಳಿತಿರುವ, ಮುಷ್ಟಿಗಾತ್ರದ ಕಪ್ಪು ಪ್ಲಾಸ್ಟಿಕ್ ಗುಬಟನ್ನು ಯಾರೂ ಕೈಗೆತ್ತಿಕೊಳ್ಳುವುದಿಲ್ಲ. ನೀರಿಗೆ ಶಬ್ದ ಕಳುಹಿಸಿ ಪ್ರತಿಧ್ವನಿ ಕೇಳಿಸಿಕೊಳ್ಳುವ ಟ್ರಾನ್ಸ್‌ಡ್ಯೂಸರ್ ಎಂದರೆ ಅದೇ. ಪರದೆ ಬರಿಯ ಬಾಯಿ, ಕಿವಿ ಇದು. ಕಿವಿಯನ್ನು ಎಲ್ಲಿ, ಹೇಗೆ ಕೂರಿಸಿದ್ದೇವೆ ಎಂಬುದರ ಮೇಲೆಯೇ ಉಳಿದದ್ದೆಲ್ಲ ನಿಂತಿದೆ.

ಶಬ್ದ ಹೋಗಿ ಬರುವ ಹೊತ್ತು

ನಮ್ಮ ಕರಾವಳಿಯ ಮೀನುಗಾರರು ಆಳವನ್ನು ಮಾರಿನಲ್ಲಿ ಹೇಳುತ್ತಾರೆ. ಎರಡೂ ತೋಳು ಚಾಚಿದರೆ ಸಿಗುವ ಉದ್ದ ಒಂದು ಮಾರು. ಇಂಗ್ಲಿಷರ ಫ್ಯಾದಮ್ ಕೂಡ ಅದೇ ತೋಳಳತೆ, ಆರು ಅಡಿ. ಸೀಸದ ಗುಂಡು ಕಟ್ಟಿದ ಹಗ್ಗವನ್ನು ತಳ ಮುಟ್ಟುವವರೆಗೆ ಬಿಟ್ಟು, ಮೇಲೆಳೆಯುತ್ತ ಮಾರುಹಾಕಿ ಎಣಿಸಿದರೆ ಆಳ ಸಿಕ್ಕಿತು. ಹಡಗುಗಳಲ್ಲಿ ಆ ಗುಂಡಿನ ಬುಡದ ಕುಳಿಗೆ ಪ್ರಾಣಿಯ ಕೊಬ್ಬು ಮೆತ್ತಿ ಇಳಿಸುತ್ತಿದ್ದರು. ಅಂಟಿಕೊಂಡು ಬಂದದ್ದು ಮರಳೋ ಕೆಸರೋ ಎಂದು ನೋಡಿ ತಳದ ಗುಣವನ್ನೂ ಅರಿಯುತ್ತಿದ್ದರು.

ಆಳಮಾಪಕ, ಅಂದರೆ ಡೆಪ್ತ್ ಸೌಂಡರ್, ಹಗ್ಗದ ಬದಲು ಶಬ್ದವನ್ನು ಇಳಿಬಿಡುತ್ತದೆ. 1826ರಲ್ಲಿ ಕೊಲಾಡಾನ್ ಮತ್ತು ಸ್ಟರ್ಮ್ ಎಂಬಿಬ್ಬರು ಜಿನೀವಾ ಸರೋವರದಲ್ಲಿ 13 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಎರಡು ದೋಣಿ ನಿಲ್ಲಿಸಿದರು. ಒಂದರಲ್ಲಿ ನೀರೊಳಗೆ ಗಂಟೆ ಬಾರಿಸಿ ಅದೇ ಕ್ಷಣ ಮದ್ದು ಉರಿಸಿ ಬೆಳಕು ತೋರಿಸಿದರು. ಇನ್ನೊಂದರಲ್ಲಿ ನೀರಿಗೆ ಕಹಳೆಯಂಥ ಕೊಳವೆ ಇಳಿಬಿಟ್ಟು ಸದ್ದು ಬರುವವರೆಗೆ ಹೊತ್ತು ಎಣಿಸಿದರು. ಸಿಕ್ಕ ಲೆಕ್ಕ ಸೆಕೆಂಡಿಗೆ 1435 ಮೀಟರ್. ತಣ್ಣನೆಯ ಸಿಹಿನೀರಿನ ಮಟ್ಟಿಗೆ ಇಂದಿಗೂ ಒಪ್ಪುವ ಅಂಕಿ ಅದು. ಉಪ್ಪುನೀರಿನಲ್ಲಿ ಸುಮಾರು 1500 ಎಂದಿಟ್ಟುಕೊಳ್ಳಬಹುದು. ಹಾಗಾದರೆ 15 ಮೀಟರ್ ಆಳದ ತಳಕ್ಕೆ ಹೋಗಿ ಮರಳಲು ಶಬ್ದಕ್ಕೆ ಬೇಕಾದದ್ದು ಸೆಕೆಂಡಿನ ಐವತ್ತನೆಯ ಒಂದು ಭಾಗ. ಹೊತ್ತನ್ನು ವೇಗದಿಂದ ಗುಣಿಸಿ ಎರಡರಿಂದ ಭಾಗಿಸು: ಯಂತ್ರ ಮಾಡುವ ಗಣಿತ ಇಷ್ಟೇ.

ಗುಬಟಿನ ಒಳಗಿರುವುದು ಪಿಂಗಾಣಿಯಂಥ ಒಂದು ಬಿಲ್ಲೆ. ನಮ್ಮ ಅಡುಗೆಮನೆಯ ಗ್ಯಾಸ್ ಲೈಟರನ್ನು ‘ಟಕ್’ ಎಂದು ಒತ್ತಿದಾಗ ಕಿಡಿ ಹಾರುತ್ತದಲ್ಲ, ಅದೇ ಗುಣದ ವಸ್ತು. ಪೆಟ್ಟು ಬಿದ್ದರೆ ವಿದ್ಯುತ್ ಹುಟ್ಟಿಸುತ್ತದೆ, ವಿದ್ಯುತ್ ಕೊಟ್ಟರೆ ತಾನೇ ಅದುರುತ್ತದೆ. ಕ್ಯೂರಿ ಸೋದರರು 1880ರಲ್ಲಿ ಹರಳುಗಳಲ್ಲಿ ಕಂಡ ಈ ಗುಣವನ್ನು ಫ್ರಾನ್ಸಿನ ಭೌತವಿಜ್ಞಾನಿ ಲಾಂಜೆವಿನ್ ಮೊದಲ ಮಹಾಯುದ್ಧದ ಹೊತ್ತಿಗೆ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಬಳಸಿದರು. ಒಂದೇ ಬಿಲ್ಲೆ ಮೊದಲು ಕೂಗುತ್ತದೆ, ಆಮೇಲೆ ಸುಮ್ಮನಾಗಿ ಕಿವಿಗೊಡುತ್ತದೆ. ಗಂಟೆ ಬಾರಿಸಿದ ಮೇಲೂ ಸ್ವಲ್ಪ ಹೊತ್ತು ಗುಂಯ್‌ಗುಡುವ ಹಾಗೆ ಇದೂ ಕೂಗಿದ ಮೇಲೆ ಕ್ಷಣಕಾಲ ಅದುರುತ್ತಲೇ ಇರುತ್ತದೆ. ಅಷ್ಟರೊಳಗೆ ಪ್ರತಿಧ್ವನಿ ಬಂದುಬಿಟ್ಟರೆ ಕೇಳಿಸುವುದಿಲ್ಲ. ಮೊಣಕಾಲುದ್ದದ ನೀರಿನಲ್ಲಿ ಆಳಮಾಪಕಗಳು ತಬ್ಬಿಬ್ಬಾಗುವುದು ಇದರಿಂದಲೇ.

ದೋಣಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎರಡು ಕಂಪನಗಳು, 50 ಮತ್ತು 200 ಕಿಲೋಹರ್ಟ್ಸ್. ತಗ್ಗಿನ ಕಂಪನ ಆಳಕ್ಕೆ ಇಳಿಯುತ್ತದೆ, ಅಗಲವಾಗಿ ಹರಡುತ್ತದೆ, ವಿವರ ಮಸುಕು. ಮೇಲಿನ ಕಂಪನ ಬೇಗ ಸೊರಗುತ್ತದೆ, ಆದರೆ ಚೂಪಾಗಿ ನೋಡುತ್ತದೆ. ಶಬ್ದ ಕೆಳಗಿಳಿಯುವುದು ಟಾರ್ಚಿನ ಬೆಳಕಿನಂತೆ, ಶಂಕುವಿನ ಆಕಾರದಲ್ಲಿ. 20 ಡಿಗ್ರಿ ಅಗಲದ ಶಂಕು 10 ಮೀಟರ್ ಆಳದಲ್ಲಿ ಮೂರೂವರೆ ಮೀಟರ್ ಅಡ್ಡಳತೆಯ ವೃತ್ತವನ್ನು ಬೆಳಗುತ್ತದೆ; 45 ಡಿಗ್ರಿಯದು ಎಂಟು ಮೀಟರಿಗೂ ಹೆಚ್ಚು. ಚೆಸಪೀಕ್‌ನಂಥ ತೆಳುನೀರಿಗೆ 200 ಧಾರಾಳ. ಈಗ ಬರುವ ಚರ್ಪ್ ಮಾದರಿಯವು ಒಂದೇ ಸ್ವರದ ಬದಲು ಸ್ವರಗಳ ಸಾಲನ್ನೇ ಜಾರಿಸಿ ಕೂಗುತ್ತವೆ, ಒತ್ತಾಗಿ ನಿಂತ ಎರಡು ಮೀನುಗಳನ್ನು ಬೇರೆಬೇರೆಯಾಗಿ ತೋರಿಸುತ್ತವೆ. ಕೂರಿಸುವ ಕ್ರಮ ಮಾತ್ರ ಎಲ್ಲಕ್ಕೂ ಒಂದೇ.

ಇನ್ನು ಗಾಳಿಯ ವಿಷಯ. ನೀರಿನಲ್ಲಿ ಸಲೀಸಾಗಿ ಸಾಗುವ ಶಬ್ದ ಗಾಳಿಯ ಅಂಚಿಗೆ ಬಂದರೆ ಗೋಡೆಗೆ ಬಡಿದ ಚೆಂಡಿನಂತೆ ಹಿಂದಿರುಗುತ್ತದೆ; ಅದರ ಶಕ್ತಿಯಲ್ಲಿ ನೂರಕ್ಕೆ 99.9ರಷ್ಟು ದಾಟುವುದೇ ಇಲ್ಲ. ನೀರಿಗೂ ಗಾಳಿಗೂ ಸಾಂದ್ರತೆಯಲ್ಲಿ, ಶಬ್ದ ಸಾಗುವ ವೇಗದಲ್ಲಿ ಅಷ್ಟು ಅಂತರ. ಟ್ರಾನ್ಸ್‌ಡ್ಯೂಸರಿನ ಮುಖದ ಮೇಲೆ ಗುಳ್ಳೆಗಳ ತೆಳ್ಳನೆಯ ಪದರ ಹರಿದರೂ ಸಾಕು, ಕಿವಿಗೆ ಹತ್ತಿ ತುರುಕಿದಂತೆ. ಓಡುವ ದೋಣಿಯ ಅಡಿಯಲ್ಲಿ ಗುಳ್ಳೆಗಳಿಗೆ ಬರವಿಲ್ಲ. ಮುಂದೆ ಹೇಳುವ ಪ್ರತಿಯೊಂದು ಅಳತೆಯೂ, ಮೂರು ಮಿಲಿಮೀಟರಿನ ಲೆಕ್ಕವೂ, ಈ ಒಂದು ಶತ್ರುವನ್ನು ದೂರವಿಡಲೆಂದೇ ಇರುವುದು.

ಮೂರು ದಾರಿ

ಮೊದಲನೆಯದು ದೋಣಿಯ ತಳಕ್ಕೆ ತೂತು ಕೊರೆದು, ಟ್ರಾನ್ಸ್‌ಡ್ಯೂಸರಿನ ಮುಖ ನೇರವಾಗಿ ನೀರಿಗೆ ತಾಗುವಂತೆ ಕೂರಿಸುವುದು. ಕಿವಿ ಅತ್ಯಂತ ಚುರುಕಾಗುವುದು ಹೀಗೆಯೇ. ದೊಡ್ಡ ದೋಣಿಗಳಿಗೆ, ಒಳಗಡೆ ಎಂಜಿನ್ ಇರುವವಕ್ಕೆ ಇದು ತಕ್ಕದ್ದು. ತಳ ಇಳಿಜಾರಾಗಿದ್ದರೆ ಮುಖವನ್ನು ಸಮ ಮಾಡಲು ಆಸರೆಯ ತುಂಡನ್ನೋ, ಬಿಲ್ಲೆಯನ್ನೇ ಒಳಗೆ ವಾಲಿಸಿ ಕೂರಿಸಿದ ಮಾದರಿಯನ್ನೋ ಬಳಸಬೇಕು. ಲೋಹದ ಆಯ್ಕೆಯಲ್ಲಿ ಎಡವುವವರು ಬಹಳ. ಅಲ್ಯೂಮಿನಿಯಂ ದೋಣಿಗೆ ಕಂಚಿನ ಟ್ರಾನ್ಸ್‌ಡ್ಯೂಸರ್ ಹಾಕಿದರೆ ಉಪ್ಪುನೀರಿನಲ್ಲಿ ಎರಡೂ ಸೇರಿ ಬ್ಯಾಟರಿಯಾಗುತ್ತವೆ, ಸುತ್ತಲಿನ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಮರದ ದೋಣಿಗೆ ಪ್ಲಾಸ್ಟಿಕ್ಕಿನದು ಸಲ್ಲದು; ಮರ ನೀರು ಕುಡಿದು ಉಬ್ಬಿ ಅದನ್ನು ಹಿಂಡಿ ಸೀಳಬಹುದು. ಟ್ರೈಲರಿನ ಮೇಲೆ ಏರಿಳಿಯುವ ಹದಿನೆಂಟು ಅಡಿಯ ದೋಣಿಗೆ ಇಷ್ಟೆಲ್ಲ ಬೇಕಿಲ್ಲ.

ಎರಡನೆಯದು ತೂತೇ ಕೊರೆಯದೆ, ದೋಣಿಯ ಒಳಗಡೆ ತಳಕ್ಕೆ ಎಪಾಕ್ಸಿ ಎಂಬ ಬೆರೆಸಿ ಹಚ್ಚುವ ಗಟ್ಟಿ ಅಂಟಿನಿಂದ ಅಂಟಿಸಿ, ಫೈಬರಿನ ಮೂಲಕವೇ ಶಬ್ದ ಕಳುಹಿಸುವುದು. ಮೊದಲ ಸಲ ಕೇಳಿದಾಗ ನಾನು ನಂಬಿರಲಿಲ್ಲ. ಗಟ್ಟಿಯಾದ, ನಡುವೆ ಏನೂ ತುಂಬಿರದ ಫೈಬರ್‌ಗ್ಲಾಸ್ ಆದರೆ ಕೆಲಸ ಮಾಡುತ್ತದೆ. ನಡುವೆ ಫೋಮ್, ಬಾಲ್ಸಾ ಮರ ಅಥವಾ ಪ್ಲೈವುಡ್ ಇದ್ದರೆ ಇಲ್ಲ, ಯಾಕೆಂದರೆ ಅವುಗಳ ಹೊಟ್ಟೆಯಲ್ಲಿ ಇರುವುದೂ ಗಾಳಿಯೇ. ಅಂಟಿಸುವ ಮೊದಲು ಪರೀಕ್ಷೆ ಸುಲಭ: ಟ್ರಾನ್ಸ್‌ಡ್ಯೂಸರನ್ನು ಹೊರಗೆ ನೀರಿನಲ್ಲಿ ಹಿಡಿದು ಆಳ ಬರೆದುಕೊಳ್ಳಿ. ಆಮೇಲೆ ತೆಳು ಪ್ಲಾಸ್ಟಿಕ್ ಚೀಲಕ್ಕೆ ನೀರು ತುಂಬಿ, ಅದರೊಳಗೆ ಟ್ರಾನ್ಸ್‌ಡ್ಯೂಸರ್ ಇಟ್ಟು, ತಳದ ಒಳಮೈಯನ್ನೂ ಒದ್ದೆ ಮಾಡಿ ಅದರ ಮೇಲೆ ಒತ್ತಿ ಹಿಡಿಯಿರಿ. ಹೆಚ್ಚುಕಡಿಮೆ ಅದೇ ಆಳ ಬಂದರೆ ಆ ಜಾಗ ಆಗುತ್ತದೆ. ಎಪಾಕ್ಸಿಯನ್ನು ಮೊಟ್ಟೆ ಕಲಕಿದಂತೆ ರಭಸದಿಂದ ಕಲಕಬಾರದು, ಗುಳ್ಳೆ ಸೇರುತ್ತದೆ. ನಿಧಾನವಾಗಿ ಬೆರೆಸಿ, ಸುರಿದು, ಟ್ರಾನ್ಸ್‌ಡ್ಯೂಸರನ್ನು ತಿರುಚುತ್ತ ಒತ್ತಿ ಕೂರಿಸಬೇಕು. ಕಷ್ಟವೆಂದರೆ ಶಬ್ದ ಹೋಗುವಾಗೊಮ್ಮೆ ಬರುವಾಗೊಮ್ಮೆ ಫೈಬರಿಗೆ ಸುಂಕ ಕಟ್ಟಬೇಕು, ನೀರಿನ ಬಿಸಿ ಎಷ್ಟೆಂದೂ ತಿಳಿಯದು. ಬರೀ ಆಳ ಸಾಕು ಎನ್ನುವವರಿಗೆ ಇದಕ್ಕಿಂತ ನೆಮ್ಮದಿಯ ದಾರಿ ಇಲ್ಲ ಎಂದು ಈಗ ನನಗೆ ಅನ್ನಿಸುತ್ತದೆ.

ಮೂರನೆಯದು ದೋಣಿಯ ಹಿಂಬದಿಯ ಗೋಡೆಗೆ, ಅಂದರೆ ಟ್ರಾನ್ಸಮ್ಮಿಗೆ, ಕೊಕ್ಕೆಯಂಥ ಪಟ್ಟಿಯಿಂದ ತಿರುಪು ಬಿಗಿದು ಕೂರಿಸುವುದು. ಸಣ್ಣ ಮೋಟಾರ್ ದೋಣಿಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ನಾನು ಮಾಡಿದ್ದೂ ಇದನ್ನೇ, ಕೆಡಿಸಿಕೊಂಡದ್ದೂ ಇಲ್ಲಿಯೇ.

ಜಾಗ ಹುಡುಕುವುದು

ಟ್ರಾನ್ಸಮ್ಮಿನ ಹಿಂದೆ ಮೊಣಕಾಲೂರಿ ಕುಳಿತಾಗ ಎಲ್ಲ ಜಾಗವೂ ಒಂದೇ ರೀತಿ ಕಾಣುತ್ತದೆ. ಓಡುವಾಗ ಹಾಗಿರುವುದಿಲ್ಲ. ವೇಗದಲ್ಲಿ ದೋಣಿಯ ತಳದ ಬಹುಪಾಲು ನೀರಿನಿಂದ ಮೇಲೆದ್ದಿರುತ್ತದೆ; ತೀರ ಅಂಚಿನಲ್ಲಿ ಕೂರಿಸಿದರೆ ಟ್ರಾನ್ಸ್‌ಡ್ಯೂಸರ್ ಬಯಲಿನಲ್ಲಿ ನೇತಾಡುತ್ತದೆ. ಆದ್ದರಿಂದ ನಡುಗೆರೆಗೆ ಹತ್ತಿರ ಬರಬೇಕು. ಆದರೆ ನಡುವಿನಲ್ಲಿ ಎಂಜಿನ್ ಇದೆ. ಪ್ರೊಪೆಲ್ಲರಿಗೆ ತೀರ ಹತ್ತಿರ ಹೋದರೆ ಅದು ಕಡೆದ ನೊರೆ ಇದರ ಮುಖಕ್ಕೆ, ಇದು ಎಬ್ಬಿಸಿದ ಸುಳಿ ಅದರ ಅಲಗಿಗೆ. ಒಂದೇ ಎಂಜಿನ್ನಿನ ದೋಣಿಯಲ್ಲಿ ಪ್ರೊಪೆಲ್ಲರಿನಿಂದ ಸುಮಾರು 40 ಸೆಂಟಿಮೀಟರ್ ಆಚೆಗೆ ಇರುವುದು ಒಳ್ಳೆಯದು. ಎಂಜಿನ್ನನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಎತ್ತಿ ಇಳಿಸಿ, ಎಲ್ಲಿಯೂ ತಗಲುವುದಿಲ್ಲವೆಂದು ನೋಡಿಕೊಳ್ಳಬೇಕು. ಎರಡು ಎಂಜಿನ್ ಇದ್ದರೆ ಅವೆರಡರ ನಡುವೆ.

ಬಲಕ್ಕೋ ಎಡಕ್ಕೋ? ಸಾಮಾನ್ಯ ಪ್ರೊಪೆಲ್ಲರ್ ಹಿಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಹಾಗಾಗಿ ಬಲಬದಿಯಲ್ಲಿ ಅಲಗು ಕೆಳಗಿಳಿಯುತ್ತದೆ, ಎಡಬದಿಯಲ್ಲಿ ಮೇಲೇಳುತ್ತದೆ. ಮೇಲೇಳುವ ಅಲಗಿನ ಬದಿಯಲ್ಲಿ ಗುಳ್ಳೆ ಹೆಚ್ಚು. ಆದ್ದರಿಂದ ಬಲಬದಿ. ನಿಮ್ಮ ಪ್ರೊಪೆಲ್ಲರ್ ಉಲ್ಟಾ ಸುತ್ತುವಂಥದಾದರೆ ಮಾತೂ ಉಲ್ಟಾ.

ಇನ್ನು ತಳದಲ್ಲಿ ಉದ್ದಕ್ಕೂ ಹರಿದ ಏಣುಗಳು. ದೋಣಿಯನ್ನು ಮೇಲೆತ್ತಲು, ನೀರನ್ನು ಬದಿಗೆ ಚೆಲ್ಲಲು ಇರುವ ಉಬ್ಬುಗೆರೆಗಳು ಅವು. ಒಂದೊಂದು ಏಣಿನ ಬಾಲದಿಂದಲೂ ನೊರೆಯ ಹಗ್ಗ ಹೊರಡುತ್ತದೆ. ನೀರು ಒಳಕ್ಕೆಳೆಯುವ ರಂಧ್ರ, ಹೊರಚೆಲ್ಲುವ ಕೊಳವೆ, ಮೊಳೆಯ ಸಾಲು, ಹಳೆಯ ದುರಸ್ತಿಯ ತೇಪೆ, ಇವೆಲ್ಲದರ ಹಿಂದೆಯೂ ಇದೇ ಕತೆ. ನಾನು ಮಾಡಿದ ತಪ್ಪು ಇದೇ: ಬಲಬದಿಯನ್ನೇ ಹಿಡಿದಿದ್ದೆ, ಎಂಜಿನ್ನಿನಿಂದ ಅಳೆದೇ ದೂರವಿಟ್ಟಿದ್ದೆ, ಆದರೆ ಏಣೊಂದರ ನೇರ ಹಿಂದೆ. ಟ್ರಾನ್ಸಮ್ಮಿನ ಕಡೆಯಿಂದ ನೋಡಿದರೆ ಆ ಏಣು ಕಾಣುತ್ತಲೇ ಇರಲಿಲ್ಲ, ಅರ್ಧ ಮೀಟರ್ ಮುಂಚೆಯೇ ನಿಂತುಹೋಗಿತ್ತು. ನೊರೆ ನಿಂತಿರಲಿಲ್ಲ. ದೋಣಿಯ ಅಡಿಗೆ ತೂರಿ, ನೀವು ಗುರುತಿಸಿದ ಬಿಂದುವಿನಿಂದ ಮೂತಿಯವರೆಗೂ ಕೈಯಾಡಿಸಿ ನೋಡಿ, ದಾರಿ ನುಣುಪಾಗಿರಬೇಕು. ಇನ್ನೂ ಒಳ್ಳೆಯದೆಂದರೆ ಕೊರೆಯುವ ಮೊದಲು ಒಮ್ಮೆ ನೀರಿಗಿಳಿಸಿ, ಬೇರೊಬ್ಬರ ಕೈಗೆ ಚುಕ್ಕಾಣಿ ಕೊಟ್ಟು, ಹಿಂದೆ ಭದ್ರವಾಗಿ ಕುಳಿತು, ವೇಗದಲ್ಲಿ ಟ್ರಾನ್ಸಮ್ಮಿನ ಕೆಳಗೆ ಗಾಜಿನಂತೆ ತಿಳಿಯಾಗಿ ಹೊರಬರುವ ನೀರು ಎಲ್ಲಿದೆ ಎಂದು ನೋಡುವುದು.

ಟ್ರೈಲರಿನ ವಿಷಯವನ್ನು ಎಲ್ಲರೂ ಮರೆಯುತ್ತಾರೆ. ದೋಣಿ ಟ್ರೈಲರಿನ ಆಧಾರದ ಮರದ ಮೇಲೆ ಏರುವಾಗ ಟ್ರಾನ್ಸ್‌ಡ್ಯೂಸರ್ ಅದಕ್ಕೆ ಬಡಿಯುವಂತಿದ್ದರೆ ಎಷ್ಟು ತಿಳಿನೀರು ಇದ್ದರೇನು, ಒಂದೇ ವಾರದ ಆಯುಸ್ಸು.

ತೂತು ಎಂಬ ಭಯ

ನೀರಿನ ಮಟ್ಟದ ಕೆಳಗೆ ದೋಣಿಗೆ ತೂತು ಕೊರೆಯುವಾಗ ಯಾರ ಕೈಯಾದರೂ ನಡುಗಬೇಕು. ಮುಳುಗುತ್ತದೆಂಬ ಭಯ ಅಷ್ಟು ನಿಜವಲ್ಲ; ತಿರುಪಿನ ತೂತು ಟ್ರಾನ್ಸಮ್ಮನ್ನು ಪೂರ್ತಿ ತೂರಿ ಹೋಗುವುದಿಲ್ಲ. ನಿಜವಾದ ಅಪಾಯ ನಿಧಾನದ್ದು. ಬಹಳಷ್ಟು ಹಳೆಯ ಫೈಬರ್ ದೋಣಿಗಳ ಟ್ರಾನ್ಸಮ್ಮಿನ ನಡುವೆ ಪ್ಲೈವುಡ್ ಇರುತ್ತದೆ. ತೂತಿನ ಬದಿಯಲ್ಲಿ ತಲೆಗೂದಲಿನಷ್ಟು ಸಂದು ಉಳಿದರೂ ನೀರು ಒಸರಿ, ವರ್ಷಗಳಲ್ಲಿ ಒಳಗಿನ ಮರವೆಲ್ಲ ಕೊಳೆಯುತ್ತದೆ. ಹೊರಗಿನಿಂದ ಏನೂ ಕಾಣದು. ಕಂಡಾಗ ಎಂಜಿನ್ನೇ ಅಲುಗಾಡುತ್ತಿರುತ್ತದೆ.

ಆದ್ದರಿಂದ ಅವಸರ ಬೇಡ. ಪಟ್ಟಿಯನ್ನು ಇಟ್ಟು, ಮೇಲೆ ಕೆಳಗೆ ಸರಿಸಲು ಇರುವ ಉದ್ದನೆಯ ಸೀಳುತೂತುಗಳ ನಡುಮಧ್ಯಕ್ಕೆ ಗುರುತು ಹಾಕಿ. ಆಮೇಲೆ ಎರಡೂ ಕಡೆ ಸರಿಸಲು ಜಾಗ ಉಳಿಯುತ್ತದೆ. ಗುರುತಿನ ಮೇಲೆ ಕಾಗದದ ಅಂಟುಪಟ್ಟಿ ಹಚ್ಚಿ, ಡ್ರಿಲ್ ಮೊನೆಗೂ ಬೇಕಾದ ಆಳಕ್ಕೆ ಒಂದು ಸುತ್ತು ಅಂಟುಪಟ್ಟಿ ಕಟ್ಟಿ. ಹೊರಮೈಯ ಹೊಳಪಿನ ಪದರ, ಜೆಲ್‌ಕೋಟ್, ಮಡಕೆಯಂತೆ ಬಿರುಸು. ಮೊದಲು ಡ್ರಿಲ್ಲನ್ನು ಉಲ್ಟಾ ಸುತ್ತಿಸಿ ಅದನ್ನು ತೇಯಬೇಕು, ತೂತಿನ ಬಾಯಿಯನ್ನು ಬಟ್ಟಲಿನಂತೆ ಸ್ವಲ್ಪ ಅಗಲಿಸಬೇಕು. ಇಲ್ಲದಿದ್ದರೆ ತಿರುಪು ಬಿಗಿಯುವಾಗ ಜೇಡನ ಬಲೆಯಂತೆ ಬಿರುಕು ಹಬ್ಬುತ್ತದೆ. ಆ ಬಟ್ಟಲಿಗೆ, ತೂತಿಗೆ, ತಿರುಪಿನ ಮೈಗೆ, ಪಟ್ಟಿಯ ಬೆನ್ನಿಗೆ ದೋಣಿಗೆಂದೇ ಬರುವ ಪಾಲಿಯುರೆಥೇನ್ ಮೇಣ. ಸ್ನಾನದ ಮನೆಗೆ ಹಚ್ಚಿ ಉಳಿದ ಸಿಲಿಕೋನ್ ಬೇಡವೇ ಬೇಡ. ತಿರುಪುಗಳು ಸ್ಟೇನ್‌ಲೆಸ್ ಸ್ಟೀಲಿನವೇ ಆಗಿರಲಿ.

ಎರಡನೆಯ ಸಲ ಮಾಡುವಾಗ ನಾನು ಇನ್ನೊಂದು ಉಪಾಯ ಹಿಡಿದೆ. ಅಂಗೈಯಗಲದ ದಪ್ಪ ಪಾಲಿಎಥಿಲೀನ್ ಹಲಗೆಯೊಂದನ್ನು ಟ್ರಾನ್ಸಮ್ಮಿಗೆ ಒಮ್ಮೆಗೇ ಶಾಶ್ವತವಾಗಿ ಕೂರಿಸಿ, ಟ್ರಾನ್ಸ್‌ಡ್ಯೂಸರಿನ ತಿರುಪುಗಳನ್ನೆಲ್ಲ ಆ ಹಲಗೆಗೆ ಮಾತ್ರ ಹಾಕುವುದು. ಮುಂದೆ ಮಾದರಿ ಬದಲಾಯಿಸಿದರೂ ದೋಣಿಗೆ ಹೊಸ ತೂತಿಲ್ಲ. ಈ ಪ್ಲಾಸ್ಟಿಕ್ಕಿಗೆ ಸಾಧಾರಣ ಅಂಟು ಹಿಡಿಯುವುದಿಲ್ಲ. ಅದಕ್ಕೆಂದೇ ತಯಾರಾದ ಅಂಟು ಬೇಕು, ಇಲ್ಲವೇ ಎರಡು ತಿರುಪು ಹಾಕಬೇಕು. ಹಳೆಯ ತೂತುಗಳನ್ನು ಒಣಗಿಸಿ ಎಪಾಕ್ಸಿ ತುಂಬಿದೆ. ಮೊದಲೇ ಹಲಗೆ ಹಾಕಿದ್ದರೆ ಆ ಒಂದು ಶನಿವಾರ ಉಳಿಯುತ್ತಿತ್ತು.

ಎತ್ತರದ ಲೆಕ್ಕ ಹೀಗೆ: ಫೈಬರ್ ದೋಣಿಯಲ್ಲಿ ಟ್ರಾನ್ಸ್‌ಡ್ಯೂಸರಿನ ಮುಖ ತಳಕ್ಕಿಂತ ಸುಮಾರು 3 ಮಿಲಿಮೀಟರ್ ಕೆಳಗಿರಬೇಕು, ಅಲ್ಯೂಮಿನಿಯಂ ದೋಣಿಯಲ್ಲಿ ಸುಮಾರು 10. ತಳಕ್ಕೆ ಅಂಟಿ ಹರಿಯುವ ಕದಡಿದ ನೀರಿನ ಪದರವನ್ನು ದಾಟಿ ಕೆಳಗಿನ ತಿಳಿನೀರನ್ನು ಮುಟ್ಟಲು ಅಷ್ಟು ಇಳಿಯಬೇಕು. ಹೆಚ್ಚು ಇಳಿಸಿದರೆ ನೀರು ಕಾರಂಜಿಯಂತೆ ಚಿಮ್ಮಿ ಹಿಂದೆ ಕುಳಿತವರಿಗೆ ಅಭಿಷೇಕ. ವಾಲಿಕೆಯಲ್ಲೂ ಸೂಕ್ಷ್ಮವಿದೆ: ಹಿಂದಿನ ಅಂಚು ಮುಂದಿನದಕ್ಕಿಂತ ಒಂದರಿಂದ ಮೂರು ಮಿಲಿಮೀಟರ್ ತಗ್ಗಿರಲಿ. ಆಗ ಬರುವ ನೀರು ಮುಖಕ್ಕೆ ಒತ್ತಿಕೊಂಡೇ ಸಾಗುತ್ತದೆ. ಮುಂದಿನ ಅಂಚು ತಗ್ಗಿದ್ದರೆ ಅದರ ಹಿಂದೆ ಟೊಳ್ಳಾಗಿ ಗಾಳಿ ತುಂಬುತ್ತದೆ.

ತಂತಿಯ ಬಗ್ಗೆ ಎರಡೇ ಮಾತು. ಉದ್ದ ಹೆಚ್ಚಾಯಿತೆಂದು ಕತ್ತರಿಸಬೇಡಿ, ಉಳಿದದ್ದನ್ನು ಸಡಿಲವಾಗಿ ಸುತ್ತಿಡಿ. ವಿಎಚ್‌ಎಫ್ ರೇಡಿಯೊ ಮತ್ತು ಎಂಜಿನ್ನಿನ ತಂತಿಗಳ ಜೊತೆ ಒಂದೇ ಕಂತೆಯಲ್ಲಿ ಕಟ್ಟಬೇಡಿ. ಅವುಗಳ ಗದ್ದಲ ಪರದೆಯ ಮೇಲೆ ಮಳೆಹನಿಯಂತೆ ಬೀಳುತ್ತದೆ. ಟ್ರಾನ್ಸಮ್ಮನ್ನು ದಾಟುವ ತೂತು ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲಿರಲಿ.

ನೀರಿಗಿಳಿಸಿದ ಮೇಲೆ

ಮೊದಲು ನಿಂತಲ್ಲೇ ನೋಡಿ, ಎಂಜಿನ್ ಆರಿಸಿ ಒಮ್ಮೆ, ಓಡಿಸಿ ಒಮ್ಮೆ. ಎಂಜಿನ್ ಶುರುವಾದ ಕೂಡಲೇ ಗದ್ದಲ ಕಂಡರೆ ದೋಷ ತಂತಿಯ ದಾರಿಯಲ್ಲಿದೆ, ನೀರಿನಲ್ಲಲ್ಲ. ಆಮೇಲೆ ವೇಗವನ್ನು ಮೆಲ್ಲಮೆಲ್ಲನೆ ಏರಿಸುತ್ತ, ಯಾವ ವೇಗದಲ್ಲಿ ತಳದ ಗೆರೆ ಹರಿಯತೊಡಗುತ್ತದೆ ಎಂದು ಗುರುತು ಹಾಕಿಕೊಳ್ಳಿ. ಮೂರು ಮಿಲಿಮೀಟರ್ ಇಳಿಸಿ ಮತ್ತೆ ಓಡಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎತ್ತರ, ವಾಲಿಕೆ ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ಪರದೆಯಲ್ಲಿ 2 ಮೀಟರಿಗೊಂದು ತಳ, 4 ಮೀಟರಿಗೆ ಇನ್ನೊಂದು ಮಸುಕು ತಳ ಕಂಡರೆ ಗಾಬರಿ ಬೇಡ. ಶಬ್ದ ತಳಕ್ಕೆ ಬಡಿದು, ಮೇಲೆ ಬಂದು, ನೀರಿನ ಮೇಲ್ಮೈಗೆ ತಾಗಿ ಮತ್ತೊಮ್ಮೆ ಇಳಿದು ಬಂದಿದೆ. ಸಿಂಪಿಚಿಪ್ಪಿನಂಥ ಗಟ್ಟಿ ತಳದಲ್ಲಿ ಇದು ಚೆನ್ನಾಗಿ ಕಾಣುತ್ತದೆ, ಕೆಸರಿನಲ್ಲಿ ಕಾಣುವುದೇ ಇಲ್ಲ. ಕೊಬ್ಬು ಮೆತ್ತಿದ ಸೀಸದ ಗುಂಡು ಮಾಡುತ್ತಿದ್ದ ಕೆಲಸವನ್ನು ಈ ಎರಡನೆಯ ಗೆರೆ ಮಾಡುತ್ತದೆ. ಒಂದು ಮಾತ್ರ ನೆನಪಿರಲಿ: ಆಳಮಾಪಕ ಹೇಳುವುದು ದೋಣಿಯ ಹಿಂಬದಿಯ ಕೆಳಗೆ ಏನಿದೆ ಎಂದು. ಮೂತಿಯ ಮುಂದಿನ ಮರಳದಿಬ್ಬದ ಸುದ್ದಿ ಅದಕ್ಕೆ ತಿಳಿಯದು, ಮತ್ತು 20 ನಾಟ್ ವೇಗದಲ್ಲಿ ದೋಣಿ ಸೆಕೆಂಡಿಗೆ ಹತ್ತು ಮೀಟರ್ ಮುಂದೆ ಹೋಗಿರುತ್ತದೆ.

ದೋಣಿಯನ್ನು ಇಡೀ ಋತು ನೀರಿನಲ್ಲೇ ಬಿಡುವವರು ಮುಖದ ಮೇಲೆ ಚಿಪ್ಪುಜೀವಿಗಳು ಅಂಟದಂತೆ ಬಣ್ಣ ಹಚ್ಚಬೇಕಾಗುತ್ತದೆ. ಅದು ನೀರಿನಲ್ಲಿ ಕರಗಿಸಿದ ಬಗೆಯದೇ ಆಗಿರಬೇಕು. ತಳಕ್ಕೆ ಹಚ್ಚುವ ಥಿನ್ನರ್ ಬೆರೆತ ಬಣ್ಣ ಪ್ಲಾಸ್ಟಿಕ್ಕನ್ನು ತಿನ್ನಬಹುದು.

ಕೊನೆಯ ಕೆಲಸ ಸೊನ್ನೆ ಎಲ್ಲಿ ಎಂದು ತೀರ್ಮಾನಿಸುವುದು. ಯಂತ್ರ ಅಳೆಯುವುದು ತನ್ನ ಮುಖದಿಂದ ತಳಕ್ಕೆ. ನನ್ನ ದೋಣಿಯಲ್ಲಿ ಆ ಮುಖ ನೀರಿನ ಮಟ್ಟದಿಂದ 30 ಸೆಂಟಿಮೀಟರ್ ಕೆಳಗಿದೆ. ಎಂಜಿನ್ನಿನ ತುದಿ ಆ ಮುಖಕ್ಕಿಂತಲೂ 45 ಸೆಂಟಿಮೀಟರ್ ಕೆಳಕ್ಕೆ ಚಾಚಿದೆ. ಕಟ್ಟೆಯ ಪಕ್ಕದಲ್ಲಿ, ಅಲೆಯಿಲ್ಲದ ಬೆಳಿಗ್ಗೆ, ಹಗ್ಗದ ತುದಿಗೆ ಕಬ್ಬಿಣದ ತುಂಡು ಕಟ್ಟಿ ಇಳಿಬಿಟ್ಟೆ. ಹಗ್ಗ 2 ಮೀಟರ್ 40 ಎಂದಿತು, ಪರದೆ 2.1. ಕಿವಿ ಸರಿಯಾಗಿ ಕೇಳುತ್ತಿದೆ ಎಂದಾಯಿತು. ನೀರಿನ ಒಟ್ಟು ಆಳ ಬೇಕೆನ್ನುವವರು ಇಲ್ಲಿ 0.3 ಕೂಡಿಸಿಡುತ್ತಾರೆ. ನನಗೆ ಬೇಕಿರುವುದು ಎಂಜಿನ್ನಿನ ತುದಿಯ ಕೆಳಗೆ ಎಷ್ಟು ನೀರು ಉಳಿದಿದೆ ಎಂಬುದು, ಹಾಗಾಗಿ 0.45 ಕಳೆದೆ. ಪರದೆ 1.6ಕ್ಕೂ 1.7ಕ್ಕೂ ನಡುವೆ ಎರಡು ಸಲ ತೂಗಾಡಿ ನಿಂತಿತು. ಹಗ್ಗವನ್ನು ಸುತ್ತಿ ಸೀಟಿನ ಕೆಳಗೆ ಇಟ್ಟೆ, ಅದು ಈಗಲೂ ಅಲ್ಲಿಯೇ ಇದೆ.